ಹತ್ತು ವೊನ್ ಸಿಗದ ಮಧ್ಯಾಹ್ನ

ಮುಂಡಗೋಡದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸುನಂದಾಳ ಗಡಿಯಾರ ರಿಪೇರಿ ಅಂಗಡಿ ಇದೆ. ಮುಂದೆ ಅಂಗಡಿ, ಹಿಂದೆ ಮನೆ. ತಂದೆ ಶಿವಲಿಂಗಪ್ಪ ಇಟ್ಟದ್ದು. ಗಂಡ ತೀರಿಕೊಂಡ ಮೇಲೆ ಸಣ್ಣ ಮಗ ವೀರೇಶನನ್ನು ಎತ್ತಿಕೊಂಡು ತವರಿಗೆ ಬಂದ ಸುನಂದಾ ಮೊದಮೊದಲು ತಂದೆಯ ಪಕ್ಕ ಕೂತು ವಾಚಿಗೆ ಬೆಲ್ಟ್ ಹಾಕಿಕೊಡುತ್ತಿದ್ದಳು. ಆಮೇಲೆ ಸೆಲ್ ಬದಲಿಸಿದಳು. ಆಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗಿನ ಯಂತ್ರ ಬಿಚ್ಚಿ ಜೋಡಿಸಲು ಕಲಿತಳು. ಹೆಂಗಸು ಗಡಿಯಾರ ರಿಪೇರಿ ಮಾಡುತ್ತಾಳಂತೆ ಎಂದು ನೋಡಲಿಕ್ಕೇ ಬರುತ್ತಿದ್ದ ಮಂದಿ ನಿಧಾನಕ್ಕೆ ಗಡಿಯಾರಗಳನ್ನೂ ತರತೊಡಗಿದರು. ಶಿವಲಿಂಗಪ್ಪ ತೀರಿಹೋಗಿ ಬಹಳ ವರ್ಷವಾಯಿತು. ಈಗ ಅವಳಿಗೇ ಐವತ್ತು ದಾಟಿದೆ.

ಊರಿನಿಂದ ತುಸು ದೂರದಲ್ಲಿ ಟಿಬೆಟಿಯನ್ನರ ಕ್ಯಾಂಪ್. ಚಳಿಗಾಲದಲ್ಲಿ ಅಲ್ಲಿನ ಮಠಗಳಿಗೆ ಪಾಠ ಕೇಳಲು ಬರುವ ಹೊರದೇಶದವರಲ್ಲಿ ಕೊರಿಯಾದವರೂ ಇರುತ್ತಾರೆ. ಒಂದು ವರ್ಷ ಬೂದುಬಣ್ಣದ ನಿಲುವಂಗಿಯ, ತಲೆ ಬೋಳಿಸಿದ ಒಬ್ಬ ಕೊರಿಯಾದ ಸನ್ಯಾಸಿನಿ ನಿಂತುಹೋದ ಕೈಗಡಿಯಾರ ಹಿಡಿದು ಸುನಂದಾಳ ಅಂಗಡಿಗೆ ಬಂದಳು. ಸೆಲ್ ಹಾಕಿಸಿಕೊಂಡು ರೂಪಾಯಿ ಕೊಟ್ಟಳು, ಹೋಗುವಾಗ ಜೋಳಿಗೆಯ ತಳದಿಂದ ಒಂದು ದೊಡ್ಡ ನಾಣ್ಯ ತೆಗೆದು ಗಾಜಿನ ಮೇಲಿಟ್ಟಳು. ಉದ್ದ ಕಾಲನ್ನು ಹಿಂದಕ್ಕೆ ಚಾಚಿ, ರೆಕ್ಕೆ ಬಿಚ್ಚಿ ಹಾರುತ್ತಿರುವ ಕೊಕ್ಕರೆ. ಐದುನೂರು ವೊನ್, ಕೊರಿಯಾದ ದುಡ್ಡು. ಸುನಂದಾ ಭೂತಗನ್ನಡಿ ಹಿಡಿದು ನೋಡಿದಳು. ರೆಕ್ಕೆಯ ಒಂದೊಂದು ಗರಿಯನ್ನೂ ಬೇರೆಬೇರೆ ಕೊರೆದಿದ್ದರು. ದಿನವಿಡೀ ಸಣ್ಣ ಹಲ್ಲಿನ ಚಕ್ರಗಳನ್ನು ನೋಡಿ ಪಳಗಿದ ಕಣ್ಣಿಗೆ ಆ ಕೆಲಸದ ಬೆಲೆ ತಿಳಿಯಿತು. ಅವತ್ತು ಸಂಜೆ ಬಾಗಿಲು ಹಾಕುವುದನ್ನೂ ಮರೆತು ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿದ್ದಳು.

ಹೊರದೇಶದ ನೋಟು ಬದಲಿಸುವವರು ಚಿಲ್ಲರೆ ಮುಟ್ಟುವುದಿಲ್ಲ. ಹೀಗಾಗಿ ಊರಿಗೆ ಮರಳುವ ಯಾತ್ರಿಕರ ಜೇಬಿನಲ್ಲಿ ಉಳಿದ ನಾಣ್ಯಗಳು ಕ್ಯಾಂಪಿನ ಚಹಾದಂಗಡಿಗಳಲ್ಲಿ, ಕಾರಿನವರ ಕೈಯಲ್ಲಿ ಬೀಳುತ್ತಿದ್ದವು. ಸುನಂದಾ ಅವನ್ನು ಕೇಳಿ ಕೇಳಿ ಪಡೆದಳು. ಹತ್ತರ ನಾಣ್ಯದಲ್ಲಿ ಕಲ್ಲಿನ ಗೋಪುರ, ಐವತ್ತರಲ್ಲಿ ಬಾಗಿದ ಭತ್ತದ ತೆನೆ, ನೂರರಲ್ಲಿ ಗಡ್ಡದ ಒಬ್ಬ ದಳಪತಿ. ಅಲ್ಯೂಮಿನಿಯಮ್ಮಿನ ಒಂದು ವೊನ್ ಈಗ ಅವರ ಬಜಾರಿನಲ್ಲೇ ನಡೆಯುವುದಿಲ್ಲ. ಅದು ಅಪರೂಪಕ್ಕೊಂದು ಸಿಕ್ಕಿತು, ಅಂಗೈಯಲ್ಲಿಟ್ಟರೆ ಇಟ್ಟಂತೆಯೇ ಇಲ್ಲ, ಅಷ್ಟು ಹಗುರ. ಆಮೇಲೆ ಇಸವಿಗೊಂದರಂತೆ ಕೂಡಿಸುವ ಹಂಬಲ ಹುಟ್ಟಿತು. ಐದುನೂರರ ಸಾಲಿನಲ್ಲಿ ೧೯೯೮ರ ಜಾಗ ಖಾಲಿ ಇದೆ. ಆ ವರ್ಷ ಅವರ ನಾಡಿಗೆ ಬಿಕ್ಕಟ್ಟು ಬಂದು ಆ ನಾಣ್ಯವನ್ನು ತೀರ ಕಡಿಮೆ ಹೊಡೆದಿದ್ದರು. ಅದು ತನಗೆ ಸಿಗುವುದಿಲ್ಲವೆಂದು ಸುನಂದಾಳಿಗೆ ಗೊತ್ತು. ಆದರೂ ಜಾಗ ಬಿಟ್ಟಿದ್ದಾಳೆ.

ಕೂಡಿಸುವುದಕ್ಕಿಂತ ಕಾಪಾಡುವುದು ಕಷ್ಟವಾಯಿತು. ಮೊದಲ ಮಳೆಗಾಲದಲ್ಲಿ ಮೇಜಿನ ಗಾಜಿನ ಕೆಳಗೆ ಸಾಲಾಗಿ ಇಟ್ಟಿದ್ದ ನಾಣ್ಯಗಳಿಗೆ ತೇವ ಹತ್ತಿ ಹಿತ್ತಾಳೆಯ ಹತ್ತುಗಳ ಮೇಲೆ ಹಸಿರು ಕೂತಿತು. ಸಾಂಬ್ರಾಣಿ ಎಂಬ ಊರಿನಿಂದ ಬಂದಿದ್ದ ತಮ್ಮ ಮಲ್ಲೇಶ ಅಕ್ಕನಿಗೆ ನೆರವಾಗಲೆಂದು ಎರಡು ನಾಣ್ಯ ಎತ್ತಿ ಹುಣಸೆಹಣ್ಣು ಹಚ್ಚಿ ತಿಕ್ಕಿದ. ಫಳಫಳ ಹೊಳೆದವು, ಆದರೆ ಗೋಪುರದ ಅಂಚುಗಳೆಲ್ಲ ಸವೆದುಹೋಗಿದ್ದವು. ಅಲ್ಲಿಂದ ಸುನಂದಾ ಯಾವ ನಾಣ್ಯವನ್ನೂ ತಿಕ್ಕಲಿಲ್ಲ, ಯಾರಿಗೂ ತಿಕ್ಕಗೊಡಲಿಲ್ಲ. ಅಂಚು ಹಿಡಿದೇ ಎತ್ತುತ್ತಿದ್ದಳು. ಸ್ಟೇಷನರಿ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಜೇಬುಗಳ ಆಲ್ಬಮ್ಮಿನಲ್ಲಿ ಇಟ್ಟಳು. ಒಬ್ಬ ವಯಸ್ಸಾದ ಕೊರಿಯಾದ ಯಾತ್ರಿಕ ಆ ಆಲ್ಬಮ್ ಮೂಗಿಗೆ ಹಿಡಿದು ತಲೆ ಅಲ್ಲಾಡಿಸಿದ. ವಾಸನೆ ಬರುವ ಮೆತ್ತನೆಯ ಪ್ಲಾಸ್ಟಿಕ್ ಲೋಹವನ್ನು ತಿನ್ನುತ್ತದೆ ಎಂದು ಮೊಬೈಲಿನಲ್ಲಿ ತರ್ಜುಮೆ ಮಾಡಿ ತೋರಿಸಿದ. ಮರುವರ್ಷ ಅವನೇ ನಡುವೆ ಕಿಟಕಿ ಇರುವ ರಟ್ಟಿನ ಹೊದಿಕೆಗಳ ಒಂದು ಕಟ್ಟು ತಂದುಕೊಟ್ಟ. ಅವಳು ಸ್ಟೀಲಿನ ಪೆಟ್ಟಿಗೆ ಕೊಂಡಳು. ಚಪ್ಪಲಿ ಅಂಗಡಿಯವರು ಎಸೆಯುವ, ತೇವ ಹೀರುವ ಹರಳಿನ ಪುಟ್ಟ ಚೀಲಗಳನ್ನು ಬೇಡಿ ತಂದು ಬಿಸಿಲಿಗಿಟ್ಟು ಒಣಗಿಸಿ ಅದರೊಳಗೆ ಹಾಕಿದಳು. ಮಳೆಗಾಲ ಹಿಡಿದ ಮೇಲೆ ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಮಳೆ ನಿಂತು ಆಕಾಶ ತಿಳಿಯಾದ ಮೇಲೆಯೇ ಬಿಳಿ ಬಟ್ಟೆ ಹಾಸಿ ಎಲ್ಲವನ್ನೂ ಹೊರಗಿಡುವುದು.

ವೀರೇಶ ದೊಡ್ಡವನಾಗಿ ಹುಬ್ಬಳ್ಳಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ. ದಿನಾ ಬಸ್ಸಿಗೆ ಹೋಗಿ ಬರುತ್ತಾನೆ. ಹೆಂಡತಿ ಶಿವಗಂಗಾ ತೇರಗಾಂವದವಳು, ಹತ್ತಿರದ ಹಳ್ಳಿಯ ಶಾಲೆಯಲ್ಲಿ ಟೀಚರ್. ಅತ್ತೆ ಸೊಸೆಗೆ ಜಗಳವೇನೂ ಇರಲಿಲ್ಲ. ಆದರೆ ಮಗಳು ಶಾಂಭವಿ ಹುಟ್ಟಿ ನಡೆಯಲು ಕಲಿತ ಮೇಲೆ ಶಿವಗಂಗಾಳಿಗೆ ಆ ಮೇಜೆಂದರೆ ದಿಗಿಲು. ಸ್ಕ್ರೂ, ಸ್ಪ್ರಿಂಗ್, ಸೆಲ್ಲು, ನಾಣ್ಯ, ಎಲ್ಲವೂ ಕೂಸಿನ ಬಾಯಿಗೆ ಹಿಡಿಸುವಂಥವು ಎಂದು ಹೇಳುತ್ತಿದ್ದಳು. ತಾನು ಇದೇ ಮೇಜಿನ ಬುಡದಲ್ಲಿ ಮಗನನ್ನು ಬೆಳೆಸಿದವಳು, ತನಗೆ ಗೊತ್ತಿಲ್ಲವೇ ಎಂದು ಸುನಂದಾ ಹೇಳುತ್ತಿದ್ದಳು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಬೆಳಿಗ್ಗೆ ಸೊಸೆ ಸ್ಕೂಟಿ ಹತ್ತುವಾಗ ಕೂಸು ಅಜ್ಜಿಯ ಕಂಕುಳಲ್ಲಿರುತ್ತಿತ್ತು.

ದಸರೆ ಮುಗಿದ ವಾರ. ಬಿಸಿಲು ಚೆನ್ನಾಗಿ ಬಿದ್ದಿತ್ತು. ಮಧ್ಯಾಹ್ನ ಶಾಂಭವಿಗೆ ಅನ್ನ ಸಾರು ಉಣ್ಣಿಸಿ, ಅಂಗಡಿಯ ನೆಲದ ಮೇಲೆ ಚಾಪೆ ಹಾಸಿ ಆಟದ ಪಾತ್ರೆ ಕೊಟ್ಟು ಕೂರಿಸಿ ಸುನಂದಾ ಪೆಟ್ಟಿಗೆ ತೆರೆದಳು. ಹತ್ತರ ನಾಣ್ಯಗಳನ್ನು ಹಳೆಯ ಜೇಬುಗಳಿಂದ ರಟ್ಟಿನ ಹೊದಿಕೆಗೆ ಸಾಗಿಸುವುದಿತ್ತು. ಹತ್ತರಲ್ಲಿ ಎರಡು ತರಹ: ಹಳೆಯವು ದೊಡ್ಡವು, ಹಿತ್ತಾಳೆಯವು. ಈಚಿನವು ಸಣ್ಣವು, ಒಳಗೆ ಅಲ್ಯೂಮಿನಿಯಮ್, ಮೇಲೆ ತಾಮ್ರ. ಸಣ್ಣವನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಇಸವಿ ಪ್ರಕಾರ ಸಾಲಾಗಿ ಜೋಡಿಸಿದಳು. ಒಂದೊಂದನ್ನೂ ತೂಗಿ ಹೊದಿಕೆಯ ಮೂಲೆಯಲ್ಲಿ ತೂಕ ಬರೆಯುವುದು ಅವಳ ಪದ್ಧತಿ. ಅಂಗೈಯಗಲದ ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ಮಸುಕಾಗಿದ್ದವು. ಅದರ ಚಪ್ಪಟೆ ದುಂಡು ಸೆಲ್ ತೆಗೆದು ಹೊಸದು ಹಾಕಿದಳು. ಹಳೆಯದನ್ನು ಮೇಜಿನ ಅಂಚಿಗೆ ಸರಿಸಿಟ್ಟಳು.

ಅಷ್ಟರಲ್ಲಿ ಪಕ್ಕದ ಓಣಿಯ ಚನಬಸಪ್ಪ ಗೋಡೆ ಗಡಿಯಾರ ಹೊತ್ತು ತಂದ. ಸುನಂದಾ ಅದರ ಹಿಂದಿನ ಮುಚ್ಚಳ ತೆಗೆದು ನೋಡಿ, ಸಂಜೆ ಕೊಡುತ್ತೇನೆಂದು ಹೇಳಿ ಹಾಗೇ ನೆಲದ ಮೇಲೆ ಗೋಡೆಗೆ ಒರಗಿಸಿದಳು. ಅವನು ಮಾತಿನವನು. ಮಗಳನ್ನು ನೋಡಲು ಬಂದ ವರನ ಸುದ್ದಿ ತೆಗೆದ. ಅಂಗಡಿಯ ಮೆಟ್ಟಿಲಿನವರೆಗೆ ಹೋಗಿ ಅವನನ್ನು ಬೀಳ್ಕೊಟ್ಟು ತಿರುಗಿದಾಗ ಹಿಂದೆ ಕೂಸು ಓಕರಿಸುವ ಸದ್ದು ಕೇಳಿತು.

ಶಾಂಭವಿ ಮೇಜಿನ ಪಕ್ಕ ನಿಂತಿದ್ದಳು. ಬಾಯಿಂದ ಜೊಲ್ಲು ಎಳೆಯೆಳೆಯಾಗಿ ಇಳಿಯುತ್ತಿತ್ತು. ಕೈ ಕೊರಳ ಮೇಲೆ. ಸುನಂದಾ ಓಡಿಹೋಗಿ ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದಳು. ಏನೂ ಬೀಳಲಿಲ್ಲ. ಕೂಸು ಉಸಿರೆಳೆದು ಅತ್ತಿತು. ಅಳುತ್ತಿದೆ ಎಂದರೆ ಉಸಿರಾಡುತ್ತಿದೆ. ಅದೊಂದು ಧೈರ್ಯ. ಬಟ್ಟೆಯ ಮೇಲೆ ಕಣ್ಣು ಹಾಯಿಸಿದಳು. ಸಾಲಿನ ನಡುವೆ ಒಂದು ಜಾಗ ಖಾಲಿ. ಮೇಜಿನ ಅಂಚು ನೋಡಿದಳು. ಹಳೆಯ ಸೆಲ್ಲೂ ಇರಲಿಲ್ಲ.

ಎದುರಿಗೆ ಅಫ್ತಾಬನ ಗ್ಯಾರೇಜು. ಗ್ರೀಸಿನ ಕೈಯಲ್ಲೇ ಅವನು ಕಾರು ತೆಗೆದ. ಅವನ ತಾಯಿ ಸಿರಾಜುನ್ನಿಸಾ ಏನಾಯಿತೆಂದು ಕೇಳುತ್ತಲೇ ಬಂದು ಹಿಂದಿನ ಸೀಟಿನಲ್ಲಿ ಕೂತರು. ದಾರಿಯಲ್ಲಿ ಸುನಂದಾ ಮೊದಲು ಮಗನಿಗೆ, ಆಮೇಲೆ ಸೊಸೆಗೆ ಫೋನು ಮಾಡಿದಳು. ಸೊಸೆ ಪೂರ್ತಿ ಕೇಳದೆ ಫೋನು ಇಟ್ಟು ಹೊರಟಳು.

ಊರಿನ ದವಾಖಾನೆಯ ಡಾಕ್ಟರಮ್ಮ ಕೂಸಿನ ಬಾಯೊಳಗೆ ಟಾರ್ಚು ಬಿಟ್ಟು ನೋಡಿ ಕೂಡಲೇ ಎಕ್ಸ್‌ರೇಗೆ ಕಳಿಸಿದರು. ಶಾಂಭವಿ ಕೊಸರಾಡಿ, ಒದ್ದಾಡಿ, ಕೊನೆಗೆ ಹೇಗೋ ಒಂದು ಚಿತ್ರ ಬಂತು. ಕೊರಳ ಕೆಳಗೆ, ಅನ್ನನಾಳದಲ್ಲಿ, ಒಂದು ದುಂಡನೆಯ ಬಿಳಿ ಮಚ್ಚೆ ಕಾಣುತ್ತಿತ್ತು. ಕೂಸು ಅಲುಗಿದ್ದರಿಂದ ಅಂಚು ಕದಡಿತ್ತು.

“ಏನ್ ನುಂಗ್ಯಾಳ ಅಂತ ನೋಡೀರೇನು?” ಡಾಕ್ಟರಮ್ಮ ಕೇಳಿದರು.

“ಇಲ್ಲರೀ. ನಾಣ್ಯಾನೂ ಇತ್ತು, ಸೆಲ್ಲೂ ಇತ್ತು. ಎರಡೂ ಕಾಣವಲ್ಲವು.”

“ಎರಡರ ಅಳತಿ?”

ಸುನಂದಾ ಹೇಳಿದಳು. ಹೆಚ್ಚುಕಡಿಮೆ ಒಂದೇ. ಸೆಲ್ಲು ಕೂದಲೆಳೆ ದೊಡ್ಡದಿರಬಹುದು. ಅದು ಖಾಲಿಯಾದ ಸೆಲ್ಲು ಎಂದೂ ಹೇಳಿದಳು, ಅದರಲ್ಲೇನಾದರೂ ಸಮಾಧಾನವಿದ್ದೀತೆಂಬ ಆಸೆಯಿಂದ. ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದೇ ಇದ್ದರು. ಖಾಲಿಯಾದದ್ದರಲ್ಲೂ ಗಂಟಲು ಸುಡುವಷ್ಟು ಕರೆಂಟ್ ಉಳಿದಿರುತ್ತದೆ ಎಂದರು. ಅಂಚಿನಲ್ಲಿ ಎರಡು ಗೆರೆ ಇದ್ದ ಹಾಗಿದೆ, ಸೆಲ್ ಆದರೆ ಹಾಗೆ ಕಾಣುತ್ತದೆ, ಆದರೆ ಈ ಚಿತ್ರದ ಮೇಲೆ ಆಣೆ ಮಾಡಿ ಹೇಳಲಾರೆ ಎಂದರು.

“ನಾಣ್ಯ ಆಗಿದ್ರ ನಾಳೆತನಕಾ ಕಾಯಬಹುದು. ಸೆಲ್ ಆಗಿದ್ರ ಒಂದ್ ತಾಸೂ ಕಾಯೂದು ಬ್ಯಾಡ. ನಾ ಸೆಲ್ ಅಂತನ ತಿಳಕೊಂಡು ಹುಬ್ಬಳ್ಳಿಗೆ ಕಳಸ್ತೇನಿ.”

ಅವರು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಫೋನು ಮಾಡಿದರು. ಮಾತಾಡುತ್ತಾ ಅವರ ಹುಬ್ಬು ಗಂಟಾಯಿತು. ಕೂಸು ಹೊಟ್ಟೆ ತುಂಬ ಉಂಡಿದೆ. ಉಂಡ ಕೂಸಿಗೆ ಅರವಳಿಕೆ ಕೊಟ್ಟರೆ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಗಂಟಲಲ್ಲಿರುವುದು ನಾಣ್ಯವಾದರೆ ಹೊಟ್ಟೆ ಖಾಲಿಯಾಗುವವರೆಗೆ ಕಾಯುತ್ತಾರೆ, ಸೆಲ್ಲಾದರೆ ಆ ಅಪಾಯ ಮೈಮೇಲೆಳೆದುಕೊಂಡೇ ತೆಗೆಯಬೇಕು. ಏನೆಂದು ಖಚಿತವಾದರೆ ಅವರು ಮೊದಲೇ ಎಲ್ಲ ಸಿದ್ಧಮಾಡಿಕೊಂಡಿರುತ್ತಾರೆ. ಇಷ್ಟನ್ನು ಡಾಕ್ಟರಮ್ಮ ಸುನಂದಾಳಿಗೆ ಬಿಡಿಸಿ ಹೇಳಿದರು. ಆಮೇಲೆ ಮನೆಯಲ್ಲಿ ಜೇನುತುಪ್ಪ ಇದೆಯೇ ಎಂದು ಕೇಳಿದರು. ಸ್ವಲ್ಪ ಸ್ವಲ್ಪ ಹೊತ್ತಿಗೆ ಎರಡೆರಡು ಚಮಚ ನುಂಗಿಸುತ್ತಾ ಹೋದರೆ ಸೆಲ್ಲಿನ ಸುಡುವಿಕೆಗೆ ತಡೆಯಾಗುತ್ತದೆ, ಅದು ಬಿಟ್ಟು ನೀರು ಸಹ ಬೇಡ ಎಂದರು. ಜೋಯಿಡಾ ಕಡೆಯಿಂದ ತಂದ ಕಾಡುಜೇನು ಸಿರಾಜುನ್ನಿಸಾರ ಮನೆಯಲ್ಲಿತ್ತು. ಅಫ್ತಾಬ ಓಡಿದ.

ಶಿವಗಂಗಾ ಸ್ಕೂಟಿ ನಿಲ್ಲಿಸಿ ಒಳಗೆ ಬಂದಳು. ಮಗಳನ್ನು ಅತ್ತೆಯ ತೋಳಿನಿಂದ ತೆಗೆದುಕೊಂಡಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿದಳು. ಕಾರು ಬಂತು. ಸುನಂದಾ ಹತ್ತಲು ಬಾಗಿದಾಗ ಸೊಸೆ ತಿರುಗಿ ನೋಡಿದಳು.

“ನಾವು ಹೋಗ್ತೇವಿ. ನೀವು ಹೋಗಿ ನಿಮ್ಮ ನಾಣ್ಯಾ ಹುಡುಕ್ರಿ, ಅತ್ತೀ.”

ಅದು ಸಿಟ್ಟಿನ ಮಾತೋ, ಬೇಕಾದ ಮಾತೋ ಸುನಂದಾಳಿಗೆ ತಿಳಿಯಲಿಲ್ಲ. ಎರಡೂ ಇದ್ದೀತು. ಸಿರಾಜುನ್ನಿಸಾ ಜೇನಿನ ಬಾಟಲಿ ತೊಡೆಯ ನಡುವೆ ಇಟ್ಟುಕೊಂಡು ಚಮಚ ಒರೆಸುತ್ತಿದ್ದರು. ಕಾರು ತಡಸದ ರಸ್ತೆ ಹಿಡಿಯಿತು. ಸುನಂದಾ ಅಂಗಡಿಯ ಕಡೆ ಓಡಿದಳು. ಬಜಾರಿನಲ್ಲಿ ಆ ವಯಸ್ಸಿನ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುವುದನ್ನು ಮಂದಿ ನಿಂತು ನೋಡಿದರು.

ಅಂಗಡಿಯ ಶಟರ್ ಅರ್ಧ ಎಳೆದಳು. ನೆಲದ ಮೇಲೆ ಯಾರೂ ಕಾಲಿಡಬಾರದಿತ್ತು. ಮೊದಲು ಬಟ್ಟೆಯ ಮುಂದೆ ನಿಂತಳು. ಖಾಲಿ ಇದ್ದದ್ದು ೨೦೧೪ರ ಜಾಗ. ಹಿಂದಿನದು ಇದೆ, ಮುಂದಿನದು ಇದೆ. ಬಟ್ಟೆಯ ಮಡಿಕೆಗಳನ್ನು ಬೆರಳಿನಿಂದ ಸವರಿದಳು. ಆಮೇಲೆ ಮೇಜಿನ ಖಾನೆಯಿಂದ ಆಯಸ್ಕಾಂತ ತೆಗೆದಳು. ಬಿದ್ದ ಸ್ಕ್ರೂ ಹುಡುಕಲು ತಂದೆಯ ಕಾಲದಿಂದ ಇದ್ದದ್ದು. ಸೆಲ್ಲಿನ ಕವಚ ಉಕ್ಕಿನದು, ಆಯಸ್ಕಾಂತಕ್ಕೆ ಅಂಟುತ್ತದೆ. ತಾಮ್ರ ಮತ್ತು ಅಲ್ಯೂಮಿನಿಯಮ್ಮಿನ ನಾಣ್ಯ ಅಂಟುವುದಿಲ್ಲ. ನೆಲಕ್ಕೆ ಮಂಡಿಯೂರಿ ಮೂಲೆಯಿಂದ ಮೂಲೆಗೆ ಎಳೆದಳು. ಮೇಜಿನ ಕಾಲಿನ ಸುತ್ತ, ಕಪಾಟಿನ ಅಡಿ, ಚಾಪೆಯ ಹೆಣಿಗೆಯ ಸಂದಿ. ಸ್ಕ್ರೂ ಬಂದವು, ಗಡಿಯಾರದ ಮುಳ್ಳು ಬಂದವು, ತುಕ್ಕು ಹಿಡಿದ ಒಂದು ಪಿನ್ನು ಬಂತು. ಸೆಲ್ಲು ಬರಲಿಲ್ಲ.

ಸೆಲ್ಲು ಸಿಗಲಿಲ್ಲ ಎಂದರೆ ಕೂಸೇ ನುಂಗಿದೆ ಎಂದಲ್ಲ. ಮೆಟ್ಟಿಲಿನಿಂದ ಉರುಳಿ ಗಟಾರಕ್ಕೆ ಬಿದ್ದಿರಬಹುದು. ಫೋನು ಮಾಡಿ ಏನು ಹೇಳುವುದು? ಅಂದಾಜು ಹೇಳಿದರೆ ಹೊಟ್ಟೆ ತುಂಬಿದ ಕೂಸಿಗೆ ಅರವಳಿಕೆ ಕೊಟ್ಟುಬಿಡುತ್ತಾರೆ. ಒಳಗಿರುವುದು ಬರೀ ನಾಣ್ಯವಾದರೆ? ಹೇಳದಿದ್ದರೆ ಕಾಯುತ್ತಾರೆ, ಒಳಗಿರುವುದು ಸೆಲ್ಲಾದರೆ? ನಾಣ್ಯವೇ ಒಳಗಿರಲಿ ಎಂದು ಅವಳು ಶಿವನನ್ನು ಬೇಡಿದಳು. ಹಾಗೆ ಬೇಡುತ್ತಲೇ ನಾಣ್ಯವನ್ನು ಹುಡುಕಬೇಕಾಗಿತ್ತು. ಸಿಗದಿರಲಿ ಎಂದು ಬಯಸಿದ್ದನ್ನು ಕೈಯಾರೆ ಹುಡುಕುವ ಆ ಸಂಕಟವನ್ನು ಆಮೇಲೆ ಅವಳು ಸಿರಾಜುನ್ನಿಸಾರ ಮುಂದೆ ಮಾತ್ರ ಹೇಳಿಕೊಂಡಳು.

ಕಸಬರಿಗೆ ತಂದು ನೆಲ ಗುಡಿಸಿದಳು. ಆಟದ ಪಾತ್ರೆಗಳನ್ನು ಒಂದೊಂದಾಗಿ ತಿರುವಿದಳು. ಕೂಸಿನ ಚಪ್ಪಲಿ ಜಾಡಿಸಿದಳು. ತನ್ನ ಸೀರೆಯ ನಿರಿಗೆ ಬಿಚ್ಚಿ ಕೊಡವಿದಳು. ಫೋನು ಹೊಡೆಯಿತು. ಹುಬ್ಬಳ್ಳಿಯ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ವೀರೇಶ. ಏನಾದರೂ ಸಿಕ್ಕಿತೇ ಎಂದು ಕೇಳಿದ. ಇಲ್ಲವೆಂದಳು. ಕಾರು ತಡಸ ಕ್ರಾಸ್ ದಾಟಿದೆ ಎಂದ. ಕೂಸು ಜೇನು ನುಂಗುತ್ತಿದೆಯೇ ಎಂದು ಕೇಳಿದಳು. ಅರ್ಧ ನುಂಗುತ್ತಿದೆ, ಅರ್ಧ ಉಗುಳುತ್ತಿದೆ ಎಂದ.

ಶಾಂಭವಿಗೆ ಒಂದು ಚಾಳಿ ಇತ್ತು. ಯಾವ ಸಂದಿ ಕಂಡರೂ ಅದರೊಳಗೆ ಏನಾದರೂ ತುರುಕುತ್ತಿದ್ದಳು. ಕಡಲೆಕಾಳು ಹೊಲಿಗೆ ಯಂತ್ರದೊಳಗೆ, ಬಳಪ ಬಾಗಿಲಿನ ಸಂದಿಯೊಳಗೆ. ಅದು ನೆನಪಾಗಿ ಸುನಂದಾ ಸುತ್ತ ನೋಡಿದಳು. ಮೇಜಿನ ಖಾನೆಗಳ ಬಾಯಿ ನೋಡಿದಳು. ದುಡ್ಡಿನ ಗಲ್ಲಾ ಪೆಟ್ಟಿಗೆ ತೆರೆದಳು. ಕೊನೆಗೆ ದೃಷ್ಟಿ ಗೋಡೆಗೆ ಒರಗಿಸಿದ್ದ ಚನಬಸಪ್ಪನ ಗಡಿಯಾರದ ಮೇಲೆ ಬಿತ್ತು. ಹಿಂದಿನ ಮುಚ್ಚಳವಿಲ್ಲದ, ಹೊಟ್ಟೆ ತೆರೆದ ಗಡಿಯಾರ. ಎರಡೂ ಕೈಯಿಂದ ಎತ್ತಿದಳು. ಒಳಗೆ ಏನೋ ಸಣ್ಣಗೆ ಟಣ್ ಎಂದಿತು.

ಬಟ್ಟೆಯ ಮೇಲೆ ಬೋರಲು ಹಾಕಿ ಅಲ್ಲಾಡಿಸಿದಳು. ಮೊದಲು ಒಂದು ಪ್ಲಾಸ್ಟಿಕ್ ಗುಂಡಿ ಬಿತ್ತು. ಆಮೇಲೆ ತಾಮ್ರದ ಬಣ್ಣದ ಸಣ್ಣ ನಾಣ್ಯ ಬಿದ್ದು ಉರುಳಿ, ಗೋಪುರ ಮೇಲಾಗಿ ಮಲಗಿತು. ತಿರುಗಿಸಿದಳು. ೨೦೧೪.

ನಾಣ್ಯವನ್ನು ಅಂಗೈಯಲ್ಲಿ ಹಿಡಿದೇ ಮಗನ ನಂಬರು ಒತ್ತಿದಳು.

“ವೀರೇಶ, ನಾಣ್ಯ ಸಿಕ್ಕೇತಿ. ಕೂಸು ನುಂಗಿದ್ದು ಸೆಲ್ಲು.”

ಆಚೆ ಕಡೆ ಆಸ್ಪತ್ರೆಯ ಗದ್ದಲ.

“ಕೇಳ್ಸಿತೇನು? ಸೆಲ್ಲು. ಡಾಕ್ಟರಿಗೆ ಈಗ ಹೇಳು.”

“ನಕ್ಕಿ ಏನವ್ವಾ, ಖಾತ್ರಿ ಏನು?”

“ನಕ್ಕಿ. ನಾಣ್ಯ ನನ್ನ ಕೈಯಾಗ ಐತಿ.”

ಅವನು ಓಡುವ ಸದ್ದು ಕೇಳಿಸಿತು. ಫೋನು ಇಡಲು ಅವನಿಗೆ ನೆನಪಾಗಿರಲಿಲ್ಲ. ಅವನ ಬೂಟಿನ ಸದ್ದು, ಯಾರೋ ತಡೆಯುವುದು, ಅವನು ಏರುದನಿಯಲ್ಲಿ ಹೇಳುವುದು, ಎಲ್ಲವನ್ನೂ ಸುನಂದಾ ಅಂಗಡಿಯಲ್ಲಿ ನಿಂತು ಕೇಳಿದಳು. ಆಮೇಲೆ ಫೋನು ತುಂಡಾಯಿತು.

ಅವಳು ನಾಣ್ಯಗಳನ್ನು ಹಾಗೇ ಬಟ್ಟೆಯ ಮೇಲೆ ಬಿಟ್ಟು, ಶಟರಿಗೆ ಬೀಗ ಜಡಿದು, ಬಸ್ ಸ್ಟ್ಯಾಂಡಿಗೆ ಬಂದು ಹುಬ್ಬಳ್ಳಿ ಬಸ್ಸು ಹತ್ತಿದಳು. ಬಸ್ಸು ಎಲ್ಲ ಹಳ್ಳಿಗಳಲ್ಲೂ ನಿಂತಿತು. ಭತ್ತದ ಗದ್ದೆಗಳು ಹಳದಿಯಾಗುತ್ತಿದ್ದವು. ಪಕ್ಕದ ಸೀಟಿನ ಮುದುಕಿ ಮುಂಡಗೋಡದಲ್ಲಿ ಯಾರ ಪೈಕಿ ಎಂದು ಕೇಳಿದಳು. ಆಮೇಲೆ ಸುನಂದಾಳ ಮುಖ ನೋಡಿ ಕಿಟಕಿಯ ಕಡೆಯ ಜಾಗ ಬಿಟ್ಟುಕೊಟ್ಟಳು. ಸುನಂದಾ ಫೋನನ್ನು ಅಂಗೈಯಲ್ಲೇ ಹಿಡಿದಿದ್ದಳು. ಅದು ಹೊಡೆಯಲಿಲ್ಲ. ಹೊಡೆದರೆ ಏನೆಂದು ಕೇಳಬೇಕಾದೀತೋ ಎಂಬ ಭಯ. ಹೊಡೆಯದಿದ್ದರೂ ಅದೇ ಭಯ.

ಆಸ್ಪತ್ರೆಯ ಮೇಲಿನ ಅಂತಸ್ತಿನಲ್ಲಿ, ಮುಚ್ಚಿದ ಬಾಗಿಲ ಎದುರು ಅವರೆಲ್ಲ ಇದ್ದರು. ಸಿರಾಜುನ್ನಿಸಾರ ಸೆರಗು ಜೇನಿನಿಂದ ಅಂಟಂಟಾಗಿತ್ತು. ಅವರು ತುಟಿ ಅಲುಗಿಸುತ್ತಾ ಪ್ರಾರ್ಥಿಸುತ್ತಿದ್ದರು. ಶಿವಗಂಗಾ ಗೋಡೆಗೆ ತಲೆ ಆನಿಸಿ ನಿಂತಿದ್ದಳು. ಸುನಂದಾ ಯಾರ ಹತ್ತಿರವೂ ಹೋಗದೆ ಮೆಟ್ಟಿಲ ಬಳಿ ನಿಂತಳು. ವೀರೇಶ ಬಂದು ತಾಯಿಯ ಪಕ್ಕ ನಿಂತ. ಕಾರು ಬರುವ ಹೊತ್ತಿಗೆ ಒಳಗೆ ಎಲ್ಲ ಸಜ್ಜಾಗಿತ್ತು, ಕೂಸನ್ನು ನೇರ ಒಯ್ದರು ಎಂದಷ್ಟೇ ಹೇಳಿದ.

ಬಾಗಿಲು ತೆರೆದಾಗ ಹೊರಬಂದ ಡಾಕ್ಟರ ಕೈಯಲ್ಲಿ ಸ್ಟೀಲಿನ ಸಣ್ಣ ತಟ್ಟೆ ಇತ್ತು. ಅದರಲ್ಲಿ ಆ ಸೆಲ್ಲು. ಒಂದು ಮಗ್ಗಲು ಸುಟ್ಟ ರೊಟ್ಟಿಯ ಹಾಗೆ ಕಪ್ಪಾಗಿತ್ತು. ಕೂಸು ಚೆನ್ನಾಗಿದೆ ಎಂದು ಅವರು ಹೇಳಲಿಲ್ಲ. ಸೆಲ್ ಹೊರಬಂದಿದೆ, ಅನ್ನನಾಳದ ಒಳಗೋಡೆ ಸುಟ್ಟಿದೆ, ತೂತಾಗಿಲ್ಲ ಎಂದರು. ಜೇನು ನೆರವಾಗಿದೆ. ಆದರೆ ಸೆಲ್ ತೆಗೆದ ಮೇಲೂ ಗಾಯ ಒಳಗೇ ಬೆಳೆಯಬಹುದು, ರಕ್ತ ಬರಬಹುದು, ಕೆಲವು ದಿನ ಇಲ್ಲೇ ಇರಬೇಕು ಎಂದರು.

ಆ ದಿನಗಳು ಹೇಗೆ ಕಳೆದವೆಂದು ಸುನಂದಾಳಿಗೆ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ಮೂಗಿನ ನಳಿಕೆಯಿಂದ ಕೂಸಿಗೆ ಹಾಲು ಇಳಿಸುತ್ತಿದ್ದರು. ಕೆಮ್ಮು ಬಂದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಒರೆಸಿದ ಬಟ್ಟೆಯಲ್ಲಿ ಕೆಂಪು ಇದೆಯೇ ಎಂದು ನೋಡುತ್ತಿದ್ದರು. ಎರಡನೆಯ ದಿನ ಸೊಸೆ ವರಾಂಡಾದಲ್ಲಿ ಅತ್ತೆಯ ಪಕ್ಕ ಬಂದು ಕೂತಳು. “ಆ ಪೆಟಗಿ ಇನ್ನ ನನ್ನ ಕಣ್ಣಿಗೆ ಬೀಳಬಾರದು,” ಅಂದಳು.

“ಬೀಳೂದಿಲ್ಲ,” ಅಂದಳು ಸುನಂದಾ. ನುಂಗಿದ್ದು ನಾಣ್ಯವಲ್ಲ ಎಂಬ ಮಾತು ಅವಳ ಬಾಯಿಗೆ ಬರಲಿಲ್ಲ. ನಾಣ್ಯ ತೂಗಲೆಂದೇ ತಕ್ಕಡಿ ತಂದಿದ್ದು, ತಕ್ಕಡಿಗೆಂದೇ ಸೆಲ್ಲು.

ಕೂಸು ಮನೆಗೆ ಬಂದ ಮರುದಿನವೇ ಮಲ್ಲೇಶನನ್ನು ಕರೆಸಿದಳು. ಬಟ್ಟೆಯ ಮೇಲೆ ಧೂಳು ಹಿಡಿದು ಕೂತಿದ್ದ ನಾಣ್ಯಗಳನ್ನು ಅಂಚು ಹಿಡಿದು ಎತ್ತಿ, ಹೊದಿಕೆಗೆ ಹಾಕಿ, ಪೆಟ್ಟಿಗೆಯಲ್ಲಿಟ್ಟು ಅವನ ಕೈಗೆ ಕೊಟ್ಟಳು. ಎಲ್ಲಿಡಲಿ ಎಂದು ಅವನು ಕೇಳಿದ. ಎಲ್ಲಾದರೂ ಇಡು ಎಂದಳು. ತಕ್ಕಡಿಯನ್ನು ಕಲ್ಲಿನಿಂದ ಜಜ್ಜಿದಳು. ಅಂಗಡಿಗೂ ಮನೆಗೂ ನಡುವೆ ಎದೆಯೆತ್ತರದ ಬಾಗಿಲು ಹಚ್ಚಿಸಿದಳು. ಅವತ್ತಿನಿಂದ ತೆಗೆದ ಹಳೆಯ ಸೆಲ್ಲಿಗೆ ಎರಡೂ ಕಡೆ ಟೇಪು ಸುತ್ತಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕುತ್ತಾಳೆ. ಸೆಲ್ ಕೊಳ್ಳಲು ಬಂದವರನ್ನು ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಯೇ ಎಂದು ಕೇಳಿ, ಹೌದೆಂದರೆ ನಡೆದದ್ದನ್ನು ಪೂರಾ ಹೇಳುತ್ತಾಳೆ. ಕೆಲವರು ಅವಸರದಲ್ಲಿರುತ್ತಾರೆ. ಬಿಡುವುದಿಲ್ಲ.

ಶಾಂಭವಿಗೆ ತಿಂಗಳುಗಟ್ಟಲೆ ಗಂಜಿ, ಹಾಲು, ಮೊಸರು. ಹುಬ್ಬಳ್ಳಿಗೆ ಮತ್ತೆ ಮತ್ತೆ ಹೋಗಿ ಅನ್ನನಾಳ ಬಿಗಿಯುತ್ತಿದೆಯೇ ಎಂದು ತೋರಿಸಬೇಕಿತ್ತು. ಸುಟ್ಟ ಜಾಗ ಮಾಯುವಾಗ ದಾರಿ ಕಿರಿದಾಗುವುದುಂಟು ಎಂದು ಅವರು ಮೊದಲೇ ಹೇಳಿದ್ದರು. ಪ್ರ‍ತಿ ಸಲವೂ ಶಿವಗಂಗಾ ಮತ್ತು ವೀರೇಶ ಹೋಗುತ್ತಿದ್ದರು. ಸುನಂದಾ ಅಂಗಡಿಯಲ್ಲಿ ಕೂತು ಅವರು ಬರುವ ದಾರಿ ಕಾಯುತ್ತಿದ್ದಳು. ಅತ್ತೆ ಸೊಸೆಯ ನಡುವೆ ಬೇಕಾದಷ್ಟೇ ಮಾತು. ಶಿವಗಂಗಾ ಕೂಸನ್ನು ಈಗ ತನ್ನ ಶಾಲೆಯ ಪಕ್ಕದ ಅಂಗನವಾಡಿಗೆ ಕರೆದುಕೊಂಡು ಹೋಗುತ್ತಿದ್ದಳು.

ಕೊನೆಯ ಸಲ ವೀರೇಶನಿಗೆ ರಜೆ ಸಿಗದೆ ಸೊಸೆಯ ಜೊತೆ ಸುನಂದಾಳೇ ಹೋದಳು. ಕೂಸಿಗೆ ಬಿಳಿಯ ಔಷಧಿ ಕುಡಿಸಿ ಎಕ್ಸ್‌ರೇ ತೆಗೆದರು. ದಾರಿ ಸಾಫಿದೆ, ಇನ್ನು ಏನು ಬೇಕಾದರೂ ತಿನ್ನಲಿ ಎಂದರು ಡಾಕ್ಟರು. ಆಮೇಲೆ, ಅವತ್ತು ಫೋನು ಮಾಡಿದ್ದು ಯಾರು ಎಂದು ಕೇಳಿದರು. ಖಚಿತವಾಗಿ ತಿಳಿಯದೆ ಇದ್ದಿದ್ದರೆ ಇಲ್ಲಿ ಬಂದ ಮೇಲೆ ಮತ್ತೆ ಎಕ್ಸ್‌ರೇ ತೆಗೆದು, ಚರ್ಚೆ ಮಾಡಿ ಆಮೇಲೆ ಒಳಗೆ ಒಯ್ಯುತ್ತಿದ್ದೆವು. ಆ ಹೊತ್ತು ಉಳಿದದ್ದು ದೊಡ್ಡದು ಎಂದರು. ಶಿವಗಂಗಾ ಅತ್ತೆಯನ್ನು ತೋರಿಸಿದಳು. ಸುನಂದಾ ತಲೆ ತಗ್ಗಿಸಿ, ಸೆಲ್ ಅಲ್ಲಿ ಇಟ್ಟವಳೂ ನಾನೇ ಎಂದಳು.

ಕೆಲವು ವಾರದ ಮೇಲೆ ಮಲ್ಲೇಶ ಸಂತೆಗೆ ಬಂದಾಗ ಪೆಟ್ಟಿಗೆ ತಂದು ಅಂಗಡಿಯ ಮೇಜಿನ ಮೇಲಿಟ್ಟ. ತರಲು ಹೇಳಿದ್ದು ಶಿವಗಂಗಾ ಎಂದ. ಮಳೆಗಾಲವಿಡೀ ಅದು ಸಾಂಬ್ರಾಣಿಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿತ್ತಂತೆ. ಹೊಗೆ ಮತ್ತು ತೇವ ಕೂಡಿ ಹಳೆಯ ಹಿತ್ತಾಳೆಯ ಹತ್ತುಗಳು ಕಂದಿದ್ದವು. ಕೊಕ್ಕರೆಗಳಿಗೆ ಏನೂ ಆಗಿರಲಿಲ್ಲ. ಸುನಂದಾ ಹೊಸ ಹರಳಿನ ಚೀಲ ಹಾಕಿ, ಪೆಟ್ಟಿಗೆಗೆ ಬೀಗ ಹಾಕಿ, ಕಪಾಟಿನ ಮೇಲಿನ ಗೂಡಿಗೆ ಏರಿಸಿದಳು. ಈಗ ಕೂಸು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮಾತ್ರ ತೆರೆಯುತ್ತಾಳೆ. ಮೊದಲಿನಷ್ಟು ಹೊತ್ತು ನೋಡುವುದಿಲ್ಲ.

ಆದರೆ ಅದು ಆಮೇಲಿನ ಮಾತು. ಡಾಕ್ಟರು ಎಲ್ಲ ತಿನ್ನಲಿ ಎಂದ ಆ ದಿನ ಅತ್ತೆ ಸೊಸೆ ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಮರಳಿದರು. ಮನೆಗೆ ಬಂದು ಶಿವಗಂಗಾ ಕೈಕಾಲು ತೊಳೆದು ಜೋಳದ ಹಿಟ್ಟು ನಾದಿದಳು. ತೆಳ್ಳಗೆ ಒಂದು ರೊಟ್ಟಿ ಬಡಿದು, ಬೇಯಿಸಿ, ಪುಟ್ಟ ತಟ್ಟೆಗೆ ಹಾಕಿ, ಅಂಚನ್ನು ಚೂರು ಮಾಡಿದಳು. ಕೊಡಲು ಕೈ ಬರಲಿಲ್ಲ. ತಟ್ಟೆಯನ್ನು ಅತ್ತೆಯ ಕಡೆ ಸರಿಸಿದಳು.

“ನೀವು ಕೊಡ್ರಿ.”

ಸುನಂದಾ ಒಂದು ಚೂರನ್ನು ಬೆಣ್ಣೆಯಲ್ಲಿ ಅದ್ದಿ ಮೊಮ್ಮಗಳ ಬಾಯಿಗಿಟ್ಟಳು. ಶಾಂಭವಿ ಜಗಿದಳು. ಬಹಳ ಹೊತ್ತು ಜಗಿದಳು. ಇಬ್ಬರೂ ಅವಳ ಕೊರಳನ್ನೇ ನೋಡುತ್ತಿದ್ದರು. ನುಂಗಿದಳು. ಕೊರಳು ಒಮ್ಮೆ ಏರಿ ಇಳಿಯಿತು. ಆಮೇಲೆ ತಾನೇ ಕೈ ಚಾಚಿ ತಟ್ಟೆಯಿಂದ ಇನ್ನೊಂದು ಚೂರು ಎತ್ತಿಕೊಂಡಳು.